ಹಣಜಿ ಕೀಳಬೇಡಿ ಅಂದ ಮೇಲೂ ಜನರನ್ನು ಸುಟ್ಟಿದ್ದು ಹೇಗೆ?

ಪ್ರಶ್ನೆ: ಸಂಡೇ ಸ್ಕೂಲ್ ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮ ಸಭೆಯಲ್ಲಿ ದೊಡ್ಡ ಮಕ್ಕಳ ಪಾಠ ನಾನು ನೋಡಿಕೊಳ್ಳುತ್ತೇನೆ. ಹೋದ ವಾರ ಮತ್ತಾಯ 13ನೇ ಅಧ್ಯಾಯದ ಗೋಧಿ ಮತ್ತು ಹಣಜಿಯ (ಗೋಧಿಯ ನಡುವೆ ಬೆಳೆಯುವ ಕಳೆ) ಸಾಮ್ಯ ಓದಿದೆವು. ಹಣಜಿ ಕಿತ್ತುಹಾಕೋಣವಾ ಎಂದು ಆಳುಗಳು ಕೇಳುತ್ತಾರೆ. ಬೇಡ, ಅದರ ಜೊತೆ ಗೋಧಿಯೂ ಕಿತ್ತು ಬಂದೀತು, ಸುಗ್ಗಿಯ ತನಕ ಎರಡೂ ಬೆಳೆಯಲಿ ಎನ್ನುತ್ತಾನೆ ಯಜಮಾನ.

ಹದಿನಾರು ವರ್ಷದ ಹುಡುಗಿ ಎದ್ದು ನಿಂತಳು. "ಟೀಚರ್, ಯಾನ್ ಹುಸ್‌ನನ್ನು ಸುಟ್ಟವರು ಈ ಅಧ್ಯಾಯ ಓದಿರಲಿಲ್ವಾ?" ಎಂದಳು. (ಹುಸ್ ಬೊಹೇಮಿಯಾದ ಪಾದ್ರಿ, ಸಭೆ ಅವನನ್ನು ಧರ್ಮದ್ರೋಹಿ ಎಂದಿತ್ತು.) "ಆ ಕಾಲವೇ ಹಾಗಿತ್ತಮ್ಮ" ಎಂದು ಹೇಳಿ ನಾನು ಮುಂದಿನ ವಚನಕ್ಕೆ ಹೋದೆ. ಅವಳು ಸತ್ಯವೇದ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಪಾಠ ಮುಗಿಯುವ ತನಕ ಮತ್ತೆ ತೆರೆಯಲಿಲ್ಲ. ನನಗೆ ಅದೇ ಕಣ್ಣ ಮುಂದೆ ಬರುತ್ತಿದೆ. ಸಭೆಯನ್ನು ಸಮರ್ಥಿಸುವ ಉತ್ತರ ಬೇಡ. ನಿಜವಾದ ಉತ್ತರ ಬೇಕು.

ಉತ್ತರ 1: ಹಳೇ ಮೇಷ್ಟ್ರು

ಟೀಚರ್, ಸಭೆಯ ಚರಿತ್ರೆ ಪಾಠ ಮಾಡಿ ನಿವೃತ್ತನಾದವನು ನಾನು. ಆ ಹುಡುಗಿ ಕೇಳಿದ್ದು ಸರಿಯಾದ ಪ್ರಶ್ನೆ. ಉತ್ತರ ಏನೆಂದರೆ, ಅವರು ಓದಿದ್ದರು. ಚೆನ್ನಾಗಿಯೇ ಓದಿದ್ದರು. ನನಗೆ ಜಾಸ್ತಿ ನೋವಾಗುವುದು ಅದಕ್ಕೇ.

13ನೇ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್, ಹಣಜಿ ಎಂದರೆ ಧರ್ಮದ್ರೋಹಿಗಳು ಎಂದುಕೊಂಡು, ಇದೇ ಸಾಮ್ಯವನ್ನು ಎದುರಿಗಿಟ್ಟುಕೊಂಡು ಬರೆದಿದ್ದಾನೆ. ಗೋಧಿ ಕಿತ್ತು ಬರುವ ಭಯ ಇದ್ದಾಗ ಮಾತ್ರ ಆ ಆಜ್ಞೆ ಅನ್ವಯಿಸುತ್ತದೆ, ಗೋಧಿಗೆ ಪೆಟ್ಟಾಗದ ಹಾಗೆ ಕೀಳಬಹುದಾದರೆ ಅದು ಆಜ್ಞೆ ಮೀರಿದಂತಲ್ಲ ಎಂದು ಅವನ ವಾದ. ಖೋಟಾ ನಾಣ್ಯ ಮಾಡಿದವನಿಗೇ ಮರಣದಂಡನೆ ಇರುವಾಗ ನಂಬಿಕೆಯನ್ನೇ ಕೆಡಿಸಿದವನಿಗೆ ಯಾಕಿರಬಾರದು ಎಂದೂ ಕೇಳುತ್ತಾನೆ. ಸಭೆ ಎರಡು ಸಲ ಎಚ್ಚರಿಸಬೇಕು, ಕೇಳದಿದ್ದರೆ ಬಹಿಷ್ಕರಿಸಿ ಸರ್ಕಾರದ ಕೈಗೆ ಒಪ್ಪಿಸಬೇಕು. ಬೆಂಕಿ ಹಚ್ಚುವುದು ಸರ್ಕಾರದವರು. ಪಾದ್ರಿಯ ಕೈಗೆ ರಕ್ತ ಅಂಟುವುದಿಲ್ಲ. 1415ರ ಜುಲೈ 6ರಂದು ಕಾನ್‌ಸ್ಟೆನ್ಸ್‌ನಲ್ಲಿ ಹುಸ್‌ನನ್ನು ಸುಟ್ಟಿದ್ದು ಹೀಗೆಯೇ. ರಾಜ ಸಿಗಿಸ್ಮಂಡ್ ಕೊಟ್ಟ ಅಭಯಪತ್ರವೂ ಅವನ ಕೈಯಲ್ಲಿತ್ತು.

ಆದರೆ "ಆ ಕಾಲವೇ ಹಾಗಿತ್ತು" ಎನ್ನುವುದು ನಿಜವಲ್ಲ. 385ರ ಸುಮಾರಿಗೆ, ಟ್ರಿಯರ್ ಊರಿನಲ್ಲಿ, ಸ್ಪೇನಿನ ಬಿಷಪ್ ಪ್ರಿಸ್ಸಿಲ್ಲಿಯನ್‌ನ ತಲೆ ತೆಗೆಸಿದರು. ದೂರು ಕೊಟ್ಟವರು ಬಿಷಪ್‌ಗಳೇ. ಟೂರ್‌ನ ಬಿಷಪ್ ಮಾರ್ಟಿನ್ ಮೊದಲೇ ಹೋಗಿ ಚಕ್ರವರ್ತಿ ಮ್ಯಾಕ್ಸಿಮಸ್‌ನನ್ನು ಬೇಡಿಕೊಂಡಿದ್ದ: ಸಭೆಯಿಂದ ಹೊರಗೆ ಹಾಕಿದರೆ ಸಾಕು, ರಕ್ತ ಬೇಡ. ಚಕ್ರವರ್ತಿ ಮಾತು ಕೊಟ್ಟ. ಮಾರ್ಟಿನ್ ಊರು ಬಿಟ್ಟ ಮೇಲೆ ಮಾತು ಮುರಿದ. ಆಮೇಲೆ ಇನ್ನಷ್ಟು ಜನರ ಪ್ರಾಣ ಉಳಿಸಲಿಕ್ಕಾಗಿ ಮಾರ್ಟಿನ್ ಒಂದು ದಿನ ಆ ಬಿಷಪ್‌ಗಳ ಜೊತೆ ಆರಾಧನೆಗೆ ಕೂತ. ಅದು ಅವನನ್ನು ಎಷ್ಟು ಕೊರೆಯಿತೆಂದರೆ ಮತ್ತೆ ಬದುಕಿದ ಹದಿನಾರು ವರ್ಷ ಒಂದೇ ಒಂದು ಬಿಷಪ್ ಸಭೆಗೂ ಹೋಗಲಿಲ್ಲವಂತೆ. ಅಂದರೆ ಇದು ತಪ್ಪು ಎಂದು ಶುರುವಿನಲ್ಲೇ ಗೊತ್ತಿತ್ತು.

ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್‌ನದು ಬೇರೆ ಕಥೆ. ಮೊದಲು ಬಲವಂತವೇ ಬೇಡ ಎನ್ನುತ್ತಿದ್ದವನು, ಡೋನಟಿಸ್ಟರು ಎಂಬ, ಬೇರೆಯಾಗಿ ನಿಂತ ಕ್ರೈಸ್ತ ಪಂಗಡದ ಜೊತೆಗಿನ ಜಗಳದಲ್ಲಿ ಮನಸ್ಸು ಬದಲಿಸಿದ. ಕಾನೂನಿನ ಹೆದರಿಕೆಯಿಂದ ಊರಿಗೆ ಊರೇ ಮರಳಿ ಬಂದದ್ದು ನೋಡಿ, ಲೂಕ 14ರ "ಒಳಗೆ ಬರುವಂತೆ ಬಲವಂತಮಾಡು" ಎಂಬ ಮಾತನ್ನು ಹಿಡಿದ. ಕೊಲ್ಲಬೇಡಿ ಎಂದು ಅಧಿಕಾರಿಗಳಿಗೆ ಪತ್ರ ಬರೆದವನೂ ಅವನೇ. ಆದರೆ ಒಮ್ಮೆ ತೆರೆದ ಬಾಗಿಲನ್ನು ಮುಂದಿನವರು ಅಷ್ಟಕ್ಕೇ ನಿಲ್ಲಿಸಲಿಲ್ಲ.

ಉತ್ತರ 2: ಬೆಟ್ಟದ ದೀಪ

ಇದೆಲ್ಲ ಕಥೋಲಿಕರ ಕಾಲದ್ದು, ಮತಸುಧಾರಣೆ ಬಂದ ಮೇಲೆ ನಿಂತಿತು ಅಲ್ವಾ?

ಉತ್ತರ 3: ಹಳೇ ಮೇಷ್ಟ್ರು

ನಿಲ್ಲಲಿಲ್ಲ, ತಮ್ಮಾ. ನಾನು ಪ್ರೊಟೆಸ್ಟಂಟ್ ಮನೆಯಲ್ಲಿ ಹುಟ್ಟಿದವನು, ಅದಕ್ಕೇ ಇದನ್ನು ಮುಚ್ಚಿಡಬಾರದು. ಧರ್ಮದ್ರೋಹಿಗಳನ್ನು ಸುಡುವುದು ಪವಿತ್ರಾತ್ಮನ ಚಿತ್ತವಲ್ಲ ಎಂದು ಮತಸುಧಾರಣೆ ಶುರುಮಾಡಿದ ಲೂಥರ್ ಹೇಳಿದ್ದ. 1520ರಲ್ಲಿ ಪೋಪ್ ಖಂಡಿಸಿದ ಮಾತುಗಳಲ್ಲಿ ಅದೂ ಒಂದು. 1536ರ ಹೊತ್ತಿಗೆ ಅದೇ ಲೂಥರ್ ಅನಾಬ್ಯಾಪ್ಟಿಸ್ಟರಿಗೆ (ಶಿಶುಗಳಿಗಲ್ಲ, ನಂಬಿದ ದೊಡ್ಡವರಿಗೆ ಮಾತ್ರ ದೀಕ್ಷಾಸ್ನಾನ ಎನ್ನುವವರಿಗೆ) ಮರಣದಂಡನೆ ಒಪ್ಪುವ ಪತ್ರಕ್ಕೆ ಸಹಿ ಹಾಕಿದ.

1553ರ ಅಕ್ಟೋಬರ್ 27ರಂದು ಜಿನೀವಾದ ಹೊರಗೆ, ಶಾಂಪೆಲ್ ಎಂಬಲ್ಲಿ, ಸ್ಪೇನಿನ ವೈದ್ಯ, ದೇವಶಾಸ್ತ್ರಜ್ಞ ಸರ್ವೇಟಸ್‌ನನ್ನು ಸುಟ್ಟರು. ತ್ರಿಯೇಕತ್ವ ಒಪ್ಪುವುದಿಲ್ಲ ಎಂದು. ಜಿನೀವಾ ಸಭೆಯ ಮುಖಂಡ ಕ್ಯಾಲ್ವಿನ್, ಸುಡುವ ಬದಲು ತಲೆ ತೆಗೆಯಿರಿ ಎಂದ, ಬಿಡಿ ಎನ್ನಲಿಲ್ಲ. ಸರ್ವೇಟಸ್ ಕೊನೆಗೆ ಕೂಗಿದ್ದು, "ಯೇಸುವೇ, ನಿತ್ಯ ದೇವರ ಮಗನೇ, ನನ್ನನ್ನು ಕರುಣಿಸು." ಮಗನೂ ನಿತ್ಯನೆಂದು ಒಪ್ಪಿ ಅವನು "ದೇವರ ನಿತ್ಯ ಮಗನೇ" ಎನ್ನಬೇಕಿತ್ತು. "ನಿತ್ಯ" ಎಂಬ ಮಾತು ಒಂದು ಪದ ಆಚೆಗೆ ಇರಬೇಕಿತ್ತು, ಅಷ್ಟೇ. ಅವನು ಬೆಂಕಿಯಲ್ಲೂ ಅದನ್ನು ಬದಲಿಸಲಿಲ್ಲ.

ಇದನ್ನು ಎದುರಿಸಿ ಬರೆದವನು ಕಸ್ಟೆಲಿಯೋ, ಒಂದು ಕಾಲದಲ್ಲಿ ಜಿನೀವಾದ ಶಾಲೆಯ ಮೇಷ್ಟ್ರು. ಬಾಸೆಲ್‌ನಲ್ಲಿ ಸತ್ಯವೇದ ಅನುವಾದ ಮಾಡುವಾಗ ಮನೆಯಲ್ಲಿ ಸೌದೆಗೂ ಗತಿಯಿರಲಿಲ್ಲ. ರೈನ್ ನದಿಯಲ್ಲಿ ತೇಲಿ ಬರುವ ಮರವನ್ನು ಕೊಕ್ಕೆಯಿಂದ ಎಳೆದು ದಡಕ್ಕೆ ಹಾಕುತ್ತಿದ್ದ. ಅದನ್ನೇ ಹಿಡಿದು ಕಳ್ಳ ಎಂದರು. "ಮನುಷ್ಯನನ್ನು ಕೊಲ್ಲುವುದು ಒಂದು ಬೋಧನೆಯನ್ನು ಕಾಪಾಡುವುದಲ್ಲ, ಮನುಷ್ಯನನ್ನು ಕೊಲ್ಲುವುದು" ಎಂದವನು ಅವನೇ. ಅದು ಅಚ್ಚಾಗಿದ್ದು 1612ರಲ್ಲಿ. ಅವನು 1563ರಲ್ಲೇ ತೀರಿಕೊಂಡಿದ್ದ.

ಉತ್ತರ 4: ಮರದ ದೋಣಿ

ಮಕ್ಕಳಿಗೆ ಡಿರ್ಕ್ ವಿಲ್ಲೆಮ್ಸ್ ಬಗ್ಗೆಯೂ ಹೇಳಿ ಟೀಚರ್. ನೆದರ್‌ಲ್ಯಾಂಡ್ಸ್‌ನ ಅನಾಬ್ಯಾಪ್ಟಿಸ್ಟ್. ಸೆರೆಯಿಂದ ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡಿದ. ಬೆನ್ನಟ್ಟಿದವನ ಕಾಲಡಿಯ ಮಂಜುಗಡ್ಡೆ ಒಡೆಯಿತು. ಡಿರ್ಕ್ ವಾಪಸ್ ಬಂದು ಅವನನ್ನು ಮೇಲೆತ್ತಿದ. ಆದರೂ ಹಿಡಿದು, 1569ರಲ್ಲಿ ಸುಟ್ಟರು.

ಪ್ರಶ್ನೆ ಕೇಳಿದವರು: ಸಂಡೇ ಸ್ಕೂಲ್ ಟೀಚರ್

ಮೇಷ್ಟ್ರೇ, ಎಲ್ಲರಿಗೂ ಧನ್ಯವಾದ. ಮುಂದಿನ ಭಾನುವಾರ ಅದೇ ಅಧ್ಯಾಯ ಮತ್ತೆ ತೆಗೆಯುತ್ತೇನೆ. ಮೊದಲು ಆ ಮಗುವಿನ ಹತ್ತಿರ, ನಾನು ಕೊಟ್ಟ ಉತ್ತರ ತಪ್ಪು ಎಂದು ಎಲ್ಲರ ಮುಂದೆ ಹೇಳುತ್ತೇನೆ. ಅಕ್ವಿನಾಸ್ ಬರೆದದ್ದನ್ನು ಅವಳೇ ಓದಲಿ ಅಂತ ಆಸೆ. ಎಲ್ಲಿ ನೋಡಬೇಕು?

ಉತ್ತರ 5: ಹಳೇ ಮೇಷ್ಟ್ರು

ಅವನ ದೊಡ್ಡ ಗ್ರಂಥ ಸುಮ್ಮಾ ಥಿಯಾಲಜಿಯೇದಲ್ಲಿ, ಎರಡನೇ ಭಾಗದ ಎರಡನೇ ಪಾಲು, 11ನೇ ಪ್ರಶ್ನೆ, 3ನೇ ವಿಷಯ. ಮೂರನೇ ಆಕ್ಷೇಪಕ್ಕೆ ಕೊಟ್ಟ ಉತ್ತರದಲ್ಲಿ ಹಣಜಿ ಬರುತ್ತದೆ. ಓದುವಾಗ ಅವಳ ಪಕ್ಕದಲ್ಲಿ ನೀವು ಕೂತಿರಿ.