ಕಂಪನಿ ಸ್ಟಡ್‌ಗಳ ಮೇಲೆಯೇ 5 ಮಿ.ಮೀ. ವೀಲ್ ಸ್ಪೇಸರ್ ಹಾಕಬಹುದೇ?

ಬೇಲೂರು ರಸ್ತೆಯವ:

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಓಡಿಸುವ ನನ್ನ ಮಾರುತಿ ಸ್ವಿಫ್ಟ್ ಕಾರಿಗೆ ಕಳೆದ ವಾರ ಸೆಕೆಂಡ್ ಹ್ಯಾಂಡ್ ಅಲಾಯ್ ವೀಲ್‌ಗಳನ್ನು ಕೊಂಡೆ. ಅಗಲ 6.5 ಇಂಚು, ಇಟಿ 45 (ಗಾಲಿಯ ಅಗಲದ ನಡುಗೆರೆಯಿಂದ ಕಾರಿಗೆ ತಾಗುವ ಮುಖಕ್ಕಿರುವ ದೂರ, ಮಿ.ಮೀ.ನಲ್ಲಿ; ಅದು ಕಡಿಮೆಯಾದಷ್ಟೂ ಗಾಲಿ ಹೊರಗೆ ಕೂರುತ್ತದೆ) ಎಂದು ಒಳಮೈಯಲ್ಲಿ ಅಚ್ಚಾಗಿದೆ. ಹಿಂದಿನ ಗಾಲಿಗಳು ಸರಿಯಾಗಿ ಕುಳಿತಿವೆ. ಮುಂದಿನ ಎರಡರಲ್ಲಿ ಮಾತ್ರ ಟೈರಿಗೂ ಸಸ್ಪೆನ್ಷನ್ ಸ್ಟ್ರಟ್‌ಗೂ ನಡುವೆ ಪೆನ್ಸಿಲ್ ತೂರಿಸುವಷ್ಟು ಜಾಗವೂ ಉಳಿದಿಲ್ಲ. ಅಂಗಡಿಯವರು ಗಾಲಿಗೂ ಅದು ಕೂರುವ ಹಬ್‌ಗೂ ನಡುವೆ ಇಡುವ, 5 ಮಿ.ಮೀ. ದಪ್ಪದ ಬಿಲ್ಲೆಯಂಥ ಸ್ಪೇಸರ್‌ಗಳನ್ನು ಕೊಟ್ಟು, ಸ್ಟಡ್ (ಹಬ್‌ನಿಂದ ಚಾಚಿ ನಟ್ ಹಿಡಿಯುವ ತಿರುಪಿನ ಕಡ್ಡಿ) ಬದಲಿಸುವ ಅಗತ್ಯವೇ ಇಲ್ಲ, ಎಲ್ಲರೂ ಹೀಗೇ ಹಾಕಿಸಿಕೊಳ್ಳುತ್ತಾರೆ ಎಂದರು. ಮನೆಗೆ ಬಂದು ಒಂದು ಗಾಲಿಗೆ ಹಾಕಿ ನೋಡಿದಾಗ ನಟ್ ಬಿಗಿಯಾಗುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಸ್ಪೇಸರ್ ಇಲ್ಲದಾಗ 11 ಸುತ್ತು ಹಿಡಿಯುತ್ತಿದ್ದ ನಟ್ ಈಗ 7 ಸುತ್ತಿಗೇ ನಿಲ್ಲುತ್ತದೆ. ಮುಂದಿನ ವಾರ ಮನೆಯವರನ್ನು ಕರೆದುಕೊಂಡು ಶಿರಾಡಿ ಘಾಟಿಯ ಮೂಲಕ ಧರ್ಮಸ್ಥಳಕ್ಕೆ ಹೋಗಬೇಕಾಗಿರುವುದರಿಂದ, ತಿಳಿದವರು ದಯವಿಟ್ಟು ಸ್ಪಷ್ಟವಾಗಿ ಹೇಳಬೇಕು.

ಹಳೆಯ ಟರ್ನರ್:

ನೀವು ಸುತ್ತು ಎಣಿಸಿದ್ದು ಒಳ್ಳೆಯದಾಯಿತು, ಏಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಆ ಎಣಿಕೆಯಲ್ಲಿಯೇ ಇದೆ. ಸ್ವಿಫ್ಟ್ ಸ್ಟಡ್‌ನ ವ್ಯಾಸ 12 ಮಿ.ಮೀ., ಥ್ರೆಡ್‌ನ ಅಂತರ 1.25 ಮಿ.ಮೀ. ನಟ್ ಸ್ಟಡ್‌ನ ಮೇಲೆ ಕನಿಷ್ಠ ಅದರ ವ್ಯಾಸದಷ್ಟು ಉದ್ದವಾದರೂ ಹಿಡಿದಿರಬೇಕು ಎಂಬುದು ನಮ್ಮ ಕೆಲಸದಲ್ಲಿ ಹಿಂದಿನಿಂದಲೂ ಪಾಲಿಸಿಕೊಂಡು ಬಂದ ಅಳತೆ. 12 ಅನ್ನು 1.25ರಿಂದ ಭಾಗಿಸಿದರೆ 9.6 ಬರುತ್ತದೆ, ಅಂದರೆ ಸುಮಾರು ಹತ್ತು ಸುತ್ತು. 5 ಮಿ.ಮೀ. ಸ್ಪೇಸರ್ ಸರಿಯಾಗಿ ನಾಲ್ಕು ಸುತ್ತನ್ನು ನುಂಗುತ್ತದೆ. ಹನ್ನೊಂದರಲ್ಲಿ ನಾಲ್ಕು ಹೋಗಿ ಉಳಿದ ಏಳನ್ನು ನಂಬಿ ನಾನಂತೂ ಘಾಟಿ ಇಳಿಯುವುದಿಲ್ಲ. ನಟ್ ಬಿಗಿಯಾಯಿತು ಎಂಬುದರಿಂದ ಏನೂ ಸಾಬೀತಾಗುವುದಿಲ್ಲ. ಐದು ಸುತ್ತಿಗೂ ನಟ್ ಬಿಗಿಯಾಗುತ್ತದೆ, ಆದರೆ ಅಷ್ಟೂ ಎಳೆತ ಕೆಲವೇ ಥ್ರೆಡ್‌ಗಳ ಮೇಲೆ ಬಿದ್ದು ಅವು ಕಿತ್ತುಬರುವ ಅಪಾಯವಿರುತ್ತದೆ.

ಕಾರಿನ ಭಾರವನ್ನು ಸ್ಟಡ್‌ಗಳೇ ಅಡ್ಡಲಾಗಿ ಹೊತ್ತಿರುತ್ತವೆ ಎಂದು ಅನೇಕರು ತಿಳಿದಿದ್ದಾರೆ. ಸ್ಟಡ್‌ಗಳು ಗಾಲಿಯನ್ನು ಹಬ್‌ನ ಮುಖಕ್ಕೆ ಒತ್ತಿ ಹಿಡಿಯುತ್ತವೆ, ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಭಾರವನ್ನು ಹೊರುತ್ತದೆ. 100 ನ್ಯೂಟನ್ ಮೀಟರ್ ಟಾರ್ಕ್‌ಗೆ ಬಿಗಿದ 12 ಮಿ.ಮೀ. ಸ್ಟಡ್, ಥ್ರೆಡ್ ಒಣಗಿದ್ದರೆ, ಅಂದಾಜು 4 ಟನ್ ಬಲದಿಂದ ಎಳೆದು ಹಿಡಿಯುತ್ತದೆ. ಸ್ಪೇಸರ್ ಬಂದೊಡನೆ ಒಂದಕ್ಕೊಂದು ಒತ್ತಿಕೊಳ್ಳುವ ಮುಖಗಳ ಜೋಡಿ ಒಂದರ ಬದಲು ಎರಡಾಗುತ್ತದೆ. ಅವುಗಳ ನಡುವೆ ತುಕ್ಕಿನ ಪುಡಿಯೋ ದಪ್ಪ ಬಣ್ಣವೋ ಇದ್ದರೆ ಓಡಾಟದಲ್ಲಿ ಅದು ಜಜ್ಜಿಹೋಗಿ ನಟ್‌ನ ಬಿಗಿ ಸಡಿಲವಾಗುತ್ತದೆ. ನಟ್ ಸುಲಭವಾಗಿ ತಿರುಗಲೆಂದು ಥ್ರೆಡ್‌ಗೆ ಎಣ್ಣೆ ಹಚ್ಚುವ ಅಭ್ಯಾಸವನ್ನೂ ಬಿಡಬೇಕು, ಏಕೆಂದರೆ ಅದೇ ಟಾರ್ಕ್‌ಗೆ ಸ್ಟಡ್ ಸುಮಾರು ಮೂರನೇ ಒಂದು ಪಾಲು ಹೆಚ್ಚು ಎಳೆಯಲ್ಪಡುತ್ತದೆ.

ಇನ್ನೊಂದು ವಿಷಯವನ್ನು ನೀವು ಹೇಳಿಲ್ಲ. ಸ್ವಿಫ್ಟ್ ಹಬ್‌ನ ನಡುವೆ 54.1 ಮಿ.ಮೀ. ವ್ಯಾಸದ ತುಟಿ (ಹೊರಚಾಚಿದ ದುಂಡು ಅಂಚು) ಇದೆ. ಗಾಲಿ ನಟ್ಟನಡುವೆ ಕೂರುವುದು ಅದರ ಆಧಾರದಿಂದ. ಹೊರಗೆ ಸಿಗುವ ಅಲಾಯ್‌ಗಳ ನಡುತೂತು ಸಾಮಾನ್ಯವಾಗಿ 73.1 ಇರುವುದರಿಂದ ಒಳಗೊಂದು ಉಂಗುರ ಹಾಕುತ್ತಾರೆ. ಚಪ್ಪಟೆ ಸ್ಪೇಸರ್ ಆ ತುಟಿಯ ಬಹುಭಾಗವನ್ನು ಮುಚ್ಚಿಬಿಟ್ಟರೆ ಉಂಗುರಕ್ಕೆ ಆಧಾರವೇ ಇಲ್ಲದೆ, ಗಾಲಿಯನ್ನು ನಡುವಿಗೆ ತರುವ ಕೆಲಸವೆಲ್ಲ ನಟ್‌ಗಳ ಮೇಲೆ ಬೀಳುತ್ತದೆ. ವೇಗ ಹೆಚ್ಚಿದಾಗ ಸ್ಟೀರಿಂಗ್ ನಡುಗಿ, ವೀಲ್ ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದರೂ ಸರಿಹೋಗದಿದ್ದರೆ ಕಾರಣ ಇದೇ ಆಗಿರಬಹುದು.

ಸ್ಪೇಸರ್ ಹಾಕಲೇಬೇಕೆಂದಿದ್ದರೆ ತನ್ನದೇ ತುಟಿಯಿರುವ, ಗಟ್ಟಿ ಅಲ್ಯುಮಿನಿಯಂನಿಂದ ಕಡೆದು ಮಾಡಿದ ಸ್ಪೇಸರ್ ಕೊಂಡು, ಅದರ ಜೊತೆಗೆ ಉದ್ದದ ಸ್ಟಡ್‌ಗಳನ್ನು ಹಾಕಿಸಿ. ಹೊಸ ಸ್ಟಡ್‌ನ ಥ್ರೆಡ್ ಹೊಂದಿದರೆ ಸಾಲದು, ಬುಡದಲ್ಲಿರುವ ಹಲ್ಲುಗೆರೆಯ ವ್ಯಾಸವೂ ಹಬ್‌ನ ತೂತಿಗೆ ಹೊಂದಬೇಕು. ಅದನ್ನು ಪ್ರೆಸ್‌ನಲ್ಲಿ ಕೂರಿಸಬೇಕೇ ಹೊರತು ಸುತ್ತಿಗೆಯಿಂದ ಹೊಡೆಯಬಾರದು, ಹೊಡೆದರೆ ಬೇರಿಂಗ್ ಹಾಳಾಗುತ್ತದೆ. ತಲೆ ಮುಚ್ಚಿದ ನಟ್ ಆಗಿದ್ದರೆ ಉದ್ದದ ಸ್ಟಡ್ ಅದರ ತಲೆಗೆ ತಗುಲಿ, ಗಾಲಿ ಸಡಿಲವಿದ್ದರೂ ನಟ್ ಬಿಗಿಯಾದಂತೆ ತೋರಬಹುದು. ಆದ್ದರಿಂದ ತುದಿ ತೆರೆದ ನಟ್ ಬಳಸುವುದು ಲೇಸು.

ಮೂಡಿಗೆರೆ ತೋಟ:

ಮೇಲಿನವರ ಮಾತಿಗೆ ನನ್ನದೊಂದು ಅನುಭವವನ್ನು ಸೇರಿಸುತ್ತೇನೆ. ನಮ್ಮ ತೋಟದ ಜೀಪಿಗೆ 25 ಮಿ.ಮೀ. ದಪ್ಪದ, ನಟ್ ಹಾಕಿ ಬಿಗಿಯುವ ಬಗೆಯ ಸ್ಪೇಸರ್ ಹಾಕಿಸಿದ್ದೆ. ಈ ಬಗೆಯಲ್ಲಿ ಕಂಪನಿ ಸ್ಟಡ್ ಸ್ಪೇಸರ್ ಅನ್ನು ಹಿಡಿಯುತ್ತದೆ, ಸ್ಪೇಸರಿಗೆ ಕೂರಿಸಿದ ಬೇರೆ ಸ್ಟಡ್‌ಗಳು ಗಾಲಿಯನ್ನು ಹಿಡಿಯುತ್ತವೆ. ಹಾಗಾಗಿ ಥ್ರೆಡ್ ಕಡಿಮೆಯಾಗುವ ತೊಂದರೆ ಇಲ್ಲ. ಆದರೆ ಒಳಗಿನ ನಟ್‌ಗಳು ಗಾಲಿಯ ಹಿಂದೆ ಅಡಗಿರುತ್ತವೆ. ಅಂಗಡಿಯ ಹುಡುಗ ಏರ್ ಗನ್ ಹಿಡಿದು ಎಲ್ಲವನ್ನೂ ಹೊಡೆದು ಕಳಿಸಿದ, ನಾನೂ ಹೊರಗಿನ ನಟ್‌ಗಳನ್ನು ಮಾತ್ರ ನೋಡಿಕೊಂಡೆ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಎಡಗಡೆಯಿಂದ ಕಟಕಟ ಶಬ್ದ ಬಂದು ಕೊಟ್ಟಿಗೆಹಾರದಲ್ಲಿ ಗಾಲಿ ಬಿಚ್ಚಿದಾಗ ಒಳಗಿನ ಎರಡು ನಟ್‌ಗಳು ಬೆರಳಲ್ಲೇ ತಿರುಗುತ್ತಿದ್ದವು. ಅಂದಿನಿಂದ ಟಾರ್ಕ್ ವ್ರೆಂಚ್ (ಬಿಗಿಯುವ ಬಲವನ್ನು ಅಳೆದು ತೋರಿಸುವ ಪಾನಾ) ಇಲ್ಲದೆ ಯಾವ ಗಾಲಿಯನ್ನೂ ಹಾಕಿಸಿಲ್ಲ.

ನಿಮಗೆ ಆ ಬಗೆ ಬೇಡ. 20 ಮಿ.ಮೀ.ಗಿಂತ ತೆಳುವಾದ ಸ್ಪೇಸರಿನಲ್ಲಿ ನಟ್ ಅಡಗಲು ಜಾಗ ಸಾಲದು, ಕಂಪನಿ ಸ್ಟಡ್‌ನ ತುದಿಯೂ ಹೊರಚಾಚಿ ಗಾಲಿಯ ಮುಖವನ್ನು ಎತ್ತಿ ಹಿಡಿಯಬಹುದು. ಗಾಲಿ ಅಷ್ಟು ಹೊರಗೆ ಬಂದರೆ ಬೇರಿಂಗ್‌ಗೆ ಭಾರ ಹೆಚ್ಚುತ್ತದೆ, ಗುಂಡಿ ಸಿಕ್ಕಾಗಲೆಲ್ಲ ಸ್ಟೀರಿಂಗ್ ಕೈಯನ್ನು ಒದೆಯುತ್ತದೆ.

ಹೊಳೆನರಸೀಪುರದ ಓದುಗ:

ವಿಮೆಯ ಮಾತನ್ನು ಯಾರೂ ಎತ್ತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನವನ್ನು ತಯಾರಕರ ವಿವರಗಳಿಗೆ ಭಿನ್ನವಾಗಿ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ, ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಅದನ್ನೇ ಕಟ್ಟುನಿಟ್ಟಾಗಿ ಹೇಳಿದೆ. ಅಪಘಾತವಾದ ಕಾರಿನಲ್ಲಿ ಸ್ಪೇಸರ್ ಕಂಡರೆ ವಿಮೆಯ ಸರ್ವೇಯರ್ ಪ್ರಶ್ನೆ ಎತ್ತದೆ ಇರಲಾರರು. ಅದಿರಲಿ, ನನಗೆ ಅರ್ಥವಾಗದ್ದು ಇಷ್ಟು: ಇಟಿ 45ರ ಗಾಲಿಗೆ 5 ಮಿ.ಮೀ. ಸ್ಪೇಸರ್ ಹಾಕಿದರೆ ಗಾಲಿ ಕೂರುವ ಜಾಗ ಇಟಿ 40ರ ಗಾಲಿಯದ್ದೇ ಆಗುತ್ತದೆ. ಹಾಗಿದ್ದ ಮೇಲೆ ಇಟಿ 40ರ ಗಾಲಿಯನ್ನೇ ಏಕೆ ಕೇಳಬಾರದು?

ಬೇಲೂರು ರಸ್ತೆಯವ:

ಎಲ್ಲರಿಗೂ ಕೃತಜ್ಞತೆಗಳು. ಹಳೆಯ ಟರ್ನರ್ ಅವರು ಹೇಳಿದಂತೆ ಗಾಲಿ ಬಿಚ್ಚಿ ನೋಡಿದೆ. ಸ್ಪೇಸರ್ ಹಾಕಿದ ಮೇಲೆ ಹಬ್‌ನ ತುಟಿ ಉಗುರಿನ ದಪ್ಪದಷ್ಟು ಮಾತ್ರ ಹೊರಗುಳಿಯುತ್ತದೆ, ಪ್ಲಾಸ್ಟಿಕ್ ಉಂಗುರ ಅದನ್ನು ಮುಟ್ಟುವುದೇ ಇಲ್ಲ. ಅಂಗಡಿಯವರು ಸ್ವಲ್ಪ ಗೊಣಗಿದರೂ ಇಟಿ 40ರ ಜೋಡಿ ಬಂದಾಗ ಬದಲಿಸಿ ಕೊಡಲು ಒಪ್ಪಿದ್ದಾರೆ, ಸ್ಪೇಸರ್‌ಗಳ ಹಣವನ್ನು ಮಾತ್ರ ಮರಳಿಸಲಿಲ್ಲ. ಧರ್ಮಸ್ಥಳಕ್ಕೆ ಹಳೆಯ ಕಬ್ಬಿಣದ ರಿಮ್‌ಗಳಲ್ಲಿಯೇ ಹೋಗಿಬರುತ್ತೇನೆ. ಕೊನೆಯದೊಂದು ಪ್ರಶ್ನೆ: ಹೊಸ ಅಲಾಯ್‌ಗಳಿಗೆ ಕಬ್ಬಿಣದ ರಿಮ್‌ನ ನಟ್‌ಗಳನ್ನೇ ಬಳಸಬಹುದೇ?

ಹಳೆಯ ಟರ್ನರ್:

ನಟ್ ಕೂರುವ ಕುಳಿಯ ಆಕಾರವನ್ನು ಮೊದಲು ನೋಡಿ. ಹೊರಗಿನ ಅಲಾಯ್‌ಗಳಲ್ಲಿ ಹೆಚ್ಚಾಗಿ 60 ಡಿಗ್ರಿಯ ಶಂಕುವಿನಾಕಾರ ಇರುತ್ತದೆ, ನಟ್‌ನ ಮೂತಿಯೂ ಅದೇ ಆಕಾರದ್ದಾಗಿರಬೇಕು. ಗುಂಡು ಮೂತಿಯ ನಟ್ ಅಲ್ಲಿ ಒಂದು ಗೆರೆಯಷ್ಟೇ ತಾಗಿ ನಿಲ್ಲುತ್ತದೆ. ಹಾಕಿದ ದಿನ ಕೈಪಿಡಿಯಲ್ಲಿರುವ ಟಾರ್ಕ್‌ಗೆ ಎದುರುಬದುರಾಗಿ ಬಿಗಿಸಿ, ಸಕಲೇಶಪುರದವರೆಗೆ ಒಮ್ಮೆ ಹೋಗಿ ಬನ್ನಿ. ಎಂಬತ್ತು ಕಿಲೋಮೀಟರ್ ಆಗುತ್ತದೆ. ಗಾಲಿ ತಣ್ಣಗಾದ ಮೇಲೆ ಅದೇ ವ್ರೆಂಚ್‌ನಿಂದ ಮತ್ತೊಮ್ಮೆ ನೋಡಿ.