ಮೊದಲ ಮಗುವಿಗೆ ಸ್ಪೈನಾ ಬೈಫಿಡಾ (ಬೆನ್ನುಹುರಿ ಸರಿಯಾಗಿ ಮುಚ್ಚದ ಹುಟ್ಟುದೋಷ) ಇತ್ತು. ಫೋಲಿಕ್ ಮಾತ್ರೆ ಯಾವಾಗಿಂದ? ಅನುಭವ ಇದ್ದವರು ಹೇಳಿ

ಗಂಗಾವತಿ ಸೊಸೆ: ಮೊದಲ ಮಗು ಉಳಿಯಲಿಲ್ಲ. ಈಗ ಎರಡನೆಯದಕ್ಕೆ ಯೋಚನೆ ಮಾಡಿದ್ದೇವೆ. ಡಾಕ್ಟರು 5 ಮಿಲಿಗ್ರಾಂ ಮಾತ್ರೆ ಈಗಲೇ ಶುರು ಮಾಡು ಎಂದಿದ್ದಾರೆ. ಅತ್ತೆ, "ಬಸಿರು ನಿಲ್ಲಲಿ, ಆಮೇಲೆ ನುಂಗು" ಎನ್ನುತ್ತಾರೆ. ನೀವೆಲ್ಲ ಏನು ಮಾಡಿದಿರಿ?

ಸಿಂಧನೂರು ಅಮ್ಮ: ನಾನು ಬಸಿರು ನಿಂತ ಮೇಲೇ ನುಂಗಿದೆ ತಂಗಿ. ಮುಟ್ಟು ತಪ್ಪಿ ಮೂರು ವಾರ ಆಗಿತ್ತು. ಬೆನ್ನುಹುರಿಯಾಗುವ ಕೊಳವೆ ಗರ್ಭ ಕಟ್ಟಿದ 28ನೇ ದಿನದ ಹೊತ್ತಿಗೇ ಮುಚ್ಚಬೇಕಂತೆ. ಅಂದ್ರೆ ಮುಟ್ಟು ತಪ್ಪಿದ ಎರಡು ವಾರಕ್ಕೆ. ನಾನು ಚೀಟಿ ಬರೆಸುವಷ್ಟರಲ್ಲಿ ಆ ದಿನ ದಾಟಿತ್ತು. 20ನೇ ವಾರದ ಸ್ಕ್ಯಾನ್‌ನಲ್ಲಿ ನನ್ನ ಮಗುವಿಗೂ ಅದೇ ದೋಷ ಕಂಡಿತು, ಅದಕ್ಕೆ 2,200 ರೂಪಾಯಿ. ನಂಬಿಕೆಯಾಗದೆ ರಾಯಚೂರಿನಲ್ಲಿ ಇನ್ನೊಂದು, 3,000. ಹುಟ್ಟಿದ ಎರಡನೇ ದಿನ ಬೆಂಗಳೂರಿಗೆ, ಆಂಬುಲೆನ್ಸ್‌ಗೇ 18,000. ಬೆನ್ನಿನ ಆಪರೇಷನ್ ಆಯಿತು. ಹದಿನೈದು ದಿನಕ್ಕೆ ತಲೆಯಲ್ಲಿ ನೀರು ತುಂಬಿತು. ತಲೆಯಿಂದ ಹೊಟ್ಟೆಗೆ ನಳಿಗೆ ಹಾಕಿದರು, ಶಂಟ್. ಒಂದೂವರೆ ವರ್ಷಕ್ಕೆ ಅದೂ ಕಟ್ಟಿಕೊಂಡಿತು, ಮತ್ತೆ ಕೊಯ್ದರು. ಒಟ್ಟು 4,65,000. ಎರಡು ಎಕರೆ ಗದ್ದೆ ಹೋಯಿತು, ಅದೂ ಕಾಲುವೆ ನೀರು ಬರುವಂಥದ್ದು. ಮಗಳು ವಾಕರ್ ಹಿಡಿದು ಶಾಲೆಗೆ ಹೋಗುತ್ತಾಳೆ.

ಮಾನ್ವಿ ಅಣ್ಣ: ನಾನು ಅಕ್ಕನ ಮಗಳನ್ನೇ ಮದುವೆಯಾದವನು. ಮೂರೂ ಮಕ್ಕಳು ಗಟ್ಟಿಮುಟ್ಟು. ಒಂದು ಮಾತ್ರೆ ನುಂಗಿಸಿಲ್ಲ. ಎಲ್ಲಾ ಹಣೆಬರಹ.

ಕುಷ್ಟಗಿ ಅಕ್ಕ: ನಿಮ್ಮದು ಅದೃಷ್ಟ ಅಣ್ಣಾ. ಅದನ್ನೇ ಸಲಹೆ ಅಂತ ಹೇಳಬೇಡಿ. ಹತ್ತಿರದ ಸಂಬಂಧದಲ್ಲಿ ಅಪಾಯ ಜಾಸ್ತಿ ಎಂಬುದು ಸುಳ್ಳಲ್ಲ. ನನ್ನ ಮಗನಿಗೆ ಸೀಳುತುಟಿ. 2022ರ ದೀಪಾವಳಿ ಗ್ರಹಣದ ದಿನ ನಾನು ಈಳಿಗೆ ಹಿಡಿದೆ ಅಂತ ಊರೆಲ್ಲ ಆಡಿಕೊಂಡರು. ಆಗ ನನಗೆ ಐದು ತಿಂಗಳು! ಮೇಲ್ದುಟಿ ಕೂಡುವ ಕೆಲಸ ಏಳನೇ ವಾರದ ಹೊತ್ತಿಗೇ ಮುಗಿದಿರುತ್ತದೆ. ನಾಲ್ಕು ತಿಂಗಳ ಕೂಸಿಗೆ ತುಟಿ ಹೊಲಿಸಿದೆವು, ವರ್ಷಕ್ಕೆ ಅಂಗುಳ. ಆಪರೇಷನ್ ಪುಕ್ಕಟೆ, ಆದರೆ ಓಡಾಟ, ಊಟ, ಲಾಡ್ಜ್ ಸೇರಿ 31,400. ಗ್ರಹಣ ಎಂದವರು ಒಂದು ಪೈಸೆ ಕೊಡಲಿಲ್ಲ.

ಮಾನ್ವಿ ಅಣ್ಣ: ನಮ್ಮ ಮನೆತನದ ಮದುವೆ ಬಗ್ಗೆ ನಿಮಗ್ಯಾಕ್ರೀ?

ಬಳ್ಳಾರಿ ಟೀಚರ್: ನನಗೆ ಮೂರ್ಛೆ ರೋಗ. ವಾಲ್ಪ್ರೊಯೇಟ್ ನುಂಗುತ್ತಿದ್ದೆ. ಅದು ಕೂಡ ಹೊಟ್ಟೆಯಲ್ಲಿರುವ ಮಗುವಿನ ಬೆನ್ನುಹುರಿಗೆ ಅಪಾಯ ಅಂತ ಓದಿ, ಯಾರನ್ನೂ ಕೇಳದೆ ಬಿಟ್ಟೆ. ಎಂಟನೇ ದಿನ ಅಡುಗೆಮನೆಯಲ್ಲಿ ಬಿದ್ದೆ, ಎರಡು ಹಲ್ಲು ಹೋದವು. ಆಮೇಲೆ ಡಾಕ್ಟರೇ ಬೇರೆ ಮಾತ್ರೆಗೆ ಬದಲಿಸಿದರು. ಅದಕ್ಕೇ ಏಳು ತಿಂಗಳು ಹಿಡಿಯಿತು, ಆಮೇಲೆ ಬಸಿರು. 1991ರ ಬ್ರಿಟನ್ನಿನ ಅಧ್ಯಯನ ನೋಡಿ. ಒಮ್ಮೆ ಇಂಥ ಮಗು ಹೆತ್ತವರು ಬಸಿರಿಗೆ ಮೊದಲಿಂದಲೇ 4 ಮಿಲಿಗ್ರಾಂ ಫೋಲಿಕ್ ನುಂಗಿದಾಗ, ಮತ್ತೆ ಹಾಗಾಗುವುದು ನೂರಕ್ಕೆ 72ರಷ್ಟು ಕಡಿಮೆಯಾಯಿತು. ಮೊದಲೇ ತಿಳಿದುಕೊಂಡಿದ್ದರೆ ಎಷ್ಟೋ ತಾಯಂದಿರು ತಪ್ಪಿಸಿಕೊಳ್ಳುತ್ತಿದ್ದರು.

ಸಿಂಧನೂರು ಅಮ್ಮ: ನನಗೇ ಹೇಳಿದ್ದು ಅಲ್ವಾ? ನಾನೇ ತಪ್ಪು ಮಾಡಿದೆ ಅಂತ? ನನ್ನದು ಮೊದಲ ಬಸಿರು, ಹೇಳುವವರು ಯಾರಿದ್ದರು?

ಬಳ್ಳಾರಿ ಟೀಚರ್: ನಿಮ್ಮ ಹೆಸರು ಎತ್ತಿಲ್ಲ ಅಕ್ಕಾ.

ಕುಷ್ಟಗಿ ಅಕ್ಕ: ಅದಿರಲಿ, ಆಂಬುಲೆನ್ಸ್‌ಗೆ 18,000 ಕೊಟ್ರಾ? ನಮ್ಮ ಮೈದುನ ಬೆಂಗಳೂರಿಗೆ 11,000ಕ್ಕೆ ಮುಗಿಸಿದ.

ಸಿಂಧನೂರು ಅಮ್ಮ: ಅವನ ಗಾಡಿಯಲ್ಲಿ ಆಕ್ಸಿಜನ್ ಇತ್ತಾ? ಪಕ್ಕದಲ್ಲಿ ನರ್ಸ್ ಇದ್ದಳಾ? ಅದನ್ನು ಮೊದಲು ಕೇಳಿ ಬನ್ನಿ.