ಸಹಾಯ ಬೇಕು: ಪೈಲಟ್ ತರಬೇತಿಯ ಶುಲ್ಕ ಒಪ್ಪಂದ ಓದಿಕೊಡುವವರು

ಮದ್ದೂರು ಕಡೆಯ ಒಂದು ಕುಟುಂಬ ಮಗಳ ಪೈಲಟ್ ತರಬೇತಿಗೆ ಗದ್ದೆ ಅಡವಿಡಲು ಹೊರಟಿದೆ. ಮೊದಲ ಕಂತು ಕಟ್ಟುವ ಮುಂಚೆ ಒಪ್ಪಂದ ಓದಿ ಹೇಳುವ ವಕೀಲರು ಮೈಸೂರು, ಮಂಡ್ಯದಲ್ಲಿ ಯಾರಾದರೂ ಇದ್ದೀರಾ?

ಮುಖ್ಯವಾಗಿ ನೋಡಬೇಕಾದ್ದು ಹಣ ವಾಪಸಾತಿಯ ಷರತ್ತು. ಪೂರ್ತಿ ಶುಲ್ಕ ಮುಂಗಡ ಕಟ್ಟಿದ ಮೇಲೆ ಶಾಲೆ ಮುಚ್ಚಿದರೆ ಆ ದುಡ್ಡು ಸುಲಭಕ್ಕೆ ಕೈಗೆ ಬರುವುದಿಲ್ಲ. ಹಾರಿದ ಗಂಟೆಗೆ ತಕ್ಕಂತೆ ಕಂತು ಕಟ್ಟುವ ಹಾಗಿರಬೇಕು. ಇಂಧನ ದರ ಏರಿದರೆ ಹೆಚ್ಚುವರಿ ಯಾರ ತಲೆಗೆ, ಅದೂ ಬರಹದಲ್ಲಿರಲಿ.

ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ವಿಮಾನ ಕೆಟ್ಟು ನಿಂತರೆ, ಬೋಧಕರು ಸಾಲದಿದ್ದರೆ, ಮಳೆಗಾಲ ಹಿಡಿದರೆ ತಿಂಗಳುಗಳೇ ಹೋಗುತ್ತವೆ. ಹಾಸ್ಟೆಲ್ ಖರ್ಚು, ಬ್ಯಾಂಕ್ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಹಾಗಾಗಿ ಎಷ್ಟು ವಿದ್ಯಾರ್ಥಿಗಳಿಗೆ ಹಾರುವ ಸ್ಥಿತಿಯ ಎಷ್ಟು ವಿಮಾನ ಎಂದು ಕೇಳಿ ಬರೆಸಿಕೊಳ್ಳಬೇಕು.

ಪೈಲಟ್ ಕೆಲಸಕ್ಕೆ ಆರೋಗ್ಯ ತಕ್ಕದ್ದೇ ಎಂದು ನೋಡುವ ಕ್ಲಾಸ್ 1 ವೈದ್ಯಕೀಯ ತಪಾಸಣೆ, ತರಬೇತಿ ಶುಲ್ಕ ಕಟ್ಟುವ ಮೊದಲೇ ಆಗಲಿ. ಅದರಲ್ಲಿ ಅನರ್ಹರಾದರೆ ಕಟ್ಟಿದ್ದೆಲ್ಲ ವ್ಯರ್ಥ.

ಲೈಸೆನ್ಸ್ ಸಿಕ್ಕ ಮೇಲೂ ಎ320 ಅಥವಾ 737 ಮಾದರಿಯ ಪ್ರಯಾಣಿಕ ವಿಮಾನ ಹಾರಿಸಲು ಬೇಕಾದ ಪ್ರತ್ಯೇಕ ಅರ್ಹತೆಯಾದ ಟೈಪ್ ರೇಟಿಂಗ್‌ಗೆ ಹಲವು ಲಕ್ಷ ಬೇರೆ ಬೇಕು. ಆ ಮೊತ್ತವನ್ನೂ ಸೇರಿಸಿ ಸಾಲದ ಲೆಕ್ಕ ಹಾಕಿಕೊಡುವ ಬ್ಯಾಂಕಿನವರು ಇದ್ದರೆ ದಯವಿಟ್ಟು ತಿಳಿಸಿ. ಸಾಲದ ಕಾಗದಕ್ಕೆ ಇನ್ನೂ ಸಹಿ ಬಿದ್ದಿಲ್ಲ.